ಜಿಪಿಎಸ್ ತಾಯತವನ್ನು ಎಲ್ಲಿ ಕಟ್ಟಬೇಕು?

ಈ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿದವಳು ನನ್ನ ಅಕ್ಕನ ಮಗಳು ಸುಜಾತಾ. ತಪ್ಪು ಮಾಡಿದವರು ಮೂವರು: ಅವಳ ತಂದೆ, ಅವಳ ತಾಯಿ, ಮತ್ತು ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ಮೈಕಿನ ಮುಂದೆ ನಿಂತು ಮಾತಾಡಿರುವ ನಾನು. ಹೆಸರುಗಳನ್ನು ಮೊದಲೇ ಹೇಳಿಬಿಡುವುದು ನನ್ನ ಪದ್ಧತಿ. ಶಹಾಪುರದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಬಸ್ ನಿಲ್ದಾಣದ ಮಹಿಳಾ ಶೌಚಾಲಯಕ್ಕೆ ಬೀಗ ಹಾಕಿದವರಿಂದ ಹಿಡಿದು ಶಾಲೆಯ ಆಟದ ಮೈದಾನದಲ್ಲಿ ಮರಳು ಸುರಿದವರವರೆಗೆ ಯಾರನ್ನೂ ಅರ್ಜಿಯಲ್ಲಿ ಹೆಸರಿಸದೆ ಬಿಟ್ಟವನಲ್ಲ. ಹೀಗಾಗಿ ಮನೆಯವರು ನನ್ನನ್ನು ‘ಅರ್ಜಿ ಮಾಸ್ತರ್’ ಎನ್ನುತ್ತಾರೆ. ಈ ಅರ್ಜಿಯಲ್ಲಿ ನನ್ನ ಹೆಸರೂ ಇರುವುದರಿಂದ ಕೈ ಸ್ವಲ್ಪ ನಿಧಾನವಾಗಿ ಓಡುತ್ತಿದೆ, ಅಷ್ಟೇ.

ಸಂಶಯ ಎಂಬುದು ಯಾರ ಮನೆಗೂ ತನ್ನ ಸ್ವಂತ ಹೆಸರಿನಲ್ಲಿ ಬರುವುದಿಲ್ಲ. ‘ಕಾಳಜಿ’ ಎಂದು ಹೇಳಿಕೊಂಡು ಬರುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ನೀರು ಕುಡಿದು, ಮನೆಯವರಲ್ಲೊಬ್ಬನಾಗಿ ಕೂತುಬಿಡುತ್ತದೆ. ಬಾಯಿ ತುಂಬ ಸ್ವಾತಂತ್ರ್ಯದ ಮಾತಾಡುವವರ ಮನೆಯಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಕುರ್ಚಿ ಸಿಗುತ್ತದೆ. ಯಾಕೆಂದರೆ ಅಲ್ಲಿ ಅದನ್ನು ಗುರುತಿಸುವವರು ಯಾರೂ ಇರುವುದಿಲ್ಲ. ಎಲ್ಲರೂ ಬೇರೆಯವರ ಮನೆಯ ಸಂಶಯವನ್ನು ಖಂಡಿಸಲು ಹೋಗಿರುತ್ತಾರೆ.

ಸುಜಾತಾಳಿಗೆ ಇಪ್ಪತ್ತೆರಡು ವರ್ಷ. ಸುರಪುರದ ಹಾಸ್ಟೆಲ್ಲಿನಲ್ಲಿದ್ದುಕೊಂಡು ದೈಹಿಕ ಶಿಕ್ಷಣ ಓದುತ್ತಾಳೆ. ಮೈಸೂರಿನ ಆಚೆಯ ಒಂದು ಬಯಲಿನಲ್ಲಿ ನಡೆಯುವ ಸ್ಕೈಡೈವಿಂಗ್ ಶಿಬಿರಕ್ಕೆ ಅವಳು ಆಯ್ಕೆಯಾದಳು. ಮೊದಲ ಶಿಬಿರದಲ್ಲಿ ತರಬೇತುದಾರರ ಎದೆಗೆ ಬೆನ್ನು ಕೊಟ್ಟು, ಬೆಲ್ಟಿನಿಂದ ಬಿಗಿದುಕೊಂಡು, ವಿಮಾನದಿಂದ ಒಮ್ಮೆ ಜಿಗಿಯಬೇಕು. ಅದರಲ್ಲಿ ಧೈರ್ಯ ತೋರಿಸಿದವರಿಗೆ ಎರಡನೆಯ ಶಿಬಿರ. ಅಲ್ಲಿ ಒಬ್ಬರೇ ಜಿಗಿಯುವುದನ್ನು ಕಲಿಸುತ್ತಾರೆ. ಆದರೆ ಅದಕ್ಕೆ ತಂದೆಯ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಮತ ಹಾಕಿ ಸರ್ಕಾರವನ್ನೇ ಆರಿಸಬಲ್ಲ ಹೆಣ್ಣುಮಗಳಿಗೆ ತಂದೆಯ ಸಹಿ ಯಾಕೆಂದು ನಾನು ಶಿಬಿರದವರಿಗೆ ಎರಡು ಪುಟಗಳ ಪತ್ರ ಬರೆದೆ. ಉತ್ತರವಾಗಿ ಅವರು ಒಪ್ಪಿಗೆ ಪತ್ರದ ಇನ್ನೊಂದು ಪ್ರತಿ ಕಳಿಸಿದರು.

ಸುಜಾತಾಳ ತಂದೆ ಶರಣಪ್ಪ ಬಳಿಚಕ್ರದಲ್ಲಿ ತೊಗರಿ ಬೆಳೆಯುವವರು, ನನಗೆ ಭಾವ. ಮಗಳು ಬೀಳುವಳೆಂಬ ಹೆದರಿಕೆ ಅವರಿಗೆ ಇರಲಿಲ್ಲ. ಚಿಕ್ಕಂದಿನಲ್ಲಿ ಅವಳು ಮನೆಯ ಮುಂದಿನ ಬೇವಿನ ಮರದಿಂದ ಬಿದ್ದಷ್ಟು ಸಲ ಅವರು ಆ ಮರದ ನೆರಳಿನಲ್ಲಿ ಕೂತಿರಲಾರರು. ಅವರ ಚಿಂತೆ ಬೇರೆ.

“ಮಾಸ್ತರ, ಬಿದ್ರ ಗೊತ್ತಾಗ್ತದ. ಬೀಳಲಿಲ್ಲ ಅಂದ್ರ, ಅಷ್ಟು ಹೊತ್ತು ಎಲ್ಲಿದ್ಲು ಅನ್ನೋದು ಹ್ಯಾಂಗ ಗೊತ್ತಾಗಬೇಕು?” ಎಂದರು.

“ಏನ್ ಮಾತಾಡ್ತೀರಿ ಭಾವಾ? ಮಗಳ ಮ್ಯಾಲೆ ಸಂಶೇನಾ?”

“ಸಂಶೆ ಅಲ್ಲೋ ಮಾರಾಯಾ, ಕಾಳಜಿ.”

ಅವರ ಕೈಯಲ್ಲಿ ಜಾಹೀರಾತಿನ ಒಂದು ಚೀಟಿ ಇತ್ತು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಜಿಪಿಎಸ್ ಯಂತ್ರ. ಲಾರಿಗೆ, ಎಮ್ಮೆಗೆ, ಯಾವುದಕ್ಕೆ ಕಟ್ಟಿದರೂ ಅದು ಎಲ್ಲಿದೆ ಎಂದು ಫೋನಿನ ನಕ್ಷೆಯಲ್ಲಿ ಕೆಂಪು ಚುಕ್ಕೆಯಾಗಿ ತೋರಿಸುತ್ತದೆ. ನಾನು ಅದನ್ನು ಖಂಡಿಸಿ ಹದಿನೈದು ನಿಮಿಷ ಮಾತಾಡಿದೆ. ವ್ಯಕ್ತಿಯ ಖಾಸಗಿತನ, ಪುರುಷಪ್ರಧಾನ ಕಾವಲು, ಲಾರಿ ಮತ್ತು ಎಮ್ಮೆಯ ಸಾಲಿನಲ್ಲಿ ಮಗಳನ್ನು ನಿಲ್ಲಿಸುವ ಮನಸ್ಥಿತಿ, ಎಲ್ಲವನ್ನೂ ಹೆಸರಿಸಿದೆ. ಭಾವ ಪೂರ್ತಿ ಕೇಳಿ, “ಬರೋಬರ್ ಅದ. ಹಂಗಾರ ನೀನೇ ತಂದ್ಬಿಡು, ನಿನಗ ಇದರಾಗ ತಿಳೀತದ” ಎಂದರು. ಮರುದಿನ ಯಾದಗಿರಿಯ ಅಂಗಡಿಯಲ್ಲಿ ನಿಂತು, ಯಾವ ಯಂತ್ರದ ಬ್ಯಾಟರಿ ಹೆಚ್ಚು ದಿನ ಬರುತ್ತದೆ ಎಂದು ವಿಚಾರಿಸುತ್ತಿದ್ದವನು ನಾನೇ. ತಪ್ಪು ಕೆಲಸವನ್ನಾದರೂ ಸರಿಯಾಗಿ ಮಾಡಬೇಕೆಂಬುದು ನನ್ನ ಶಿಕ್ಷಣದ ಫಲ.

ಇನ್ನು ಉಳಿದದ್ದು, ಅದನ್ನು ಮೈಮೇಲೆ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ. ಸುಜಾತಾಳಿಗೆ ಗೊತ್ತಾಗಬಾರದೆಂಬುದು ಭಾವನ ಷರತ್ತು. ನಾನು ಅದನ್ನು ಗಟ್ಟಿಯಾಗಿ ವಿರೋಧಿಸಲಿಲ್ಲ, ಮೆತ್ತಗೆ ವಿರೋಧಿಸಿದೆ, ಇದನ್ನೂ ದಾಖಲಿಸಬೇಕು. ಬಳಿಚಕ್ರದ ಪಡಸಾಲೆಯಲ್ಲಿ ನಾವು ಮೂವರು ಅವಳ ಹಳೆಯ ಟ್ರ್ಯಾಕ್‌ಸೂಟನ್ನು ಚಾಪೆಯ ಮೇಲೆ ಹಾಸಿಕೊಂಡು, ಭೂಸ್ವಾಧೀನದ ನಕ್ಷೆ ನೋಡುವ ಅಧಿಕಾರಿಗಳಂತೆ ಸುತ್ತ ಕೂತೆವು. ಬೂಟಿನೊಳಗೆ ಎಂದರು ಭಾವ. ಬೂಟು ಶಿಬಿರದವರೇ ಕೊಡುತ್ತಾರೆ. ಹೆಲ್ಮೆಟ್ಟಿಗೆ ಎಂದೆ ನಾನು. ಅದೂ ಅವರದ್ದೇ. ಸೊಂಟಕ್ಕೆ ಎಂದಳು ಅಕ್ಕ. ಅಲ್ಲಿ ಬೆಲ್ಟು ಬಿಗಿಯುತ್ತಾರೆ. ನಾರಾಯಣಪುರದ ಕ್ವಾರ್ಟರ್ಸಿನಲ್ಲಿರುವ ನನ್ನ ಗೆಳೆಯ ಮಲ್ಲಿಕಾರ್ಜುನ ಕಾಲುವೆ ಅಳೆಯಲು ದಿನವೂ ಜಿಪಿಎಸ್ ಹಿಡಿಯುವವನು. ಅವನಿಗೆ ಫೋನು ಮಾಡಿದೆ.

“ಎಲ್ಲಿ ಕಟ್ಟಿದ್ರೂ ಅದಕ್ಕ ಆಕಾಶ ಕಾಣಬೇಕು, ಅಷ್ಟೇ,” ಎಂದ. “ಹುಡುಗಿ ಹ್ಯಾಂಗ ಬೀಳ್ತಾಳ? ಮಾರಿ ಕೆಳಗಾ?”

“ಹೌದು, ಮಾರಿ ಕೆಳಗ.”

“ಹಂಗಾರ ಎದಿಗೆ ಕಟ್ಟಬ್ಯಾಡ, ಅದಕ್ಕ ನೆಲ ಕಾಣ್ತದ. ಬೆನ್ನಿಗೆ ಕಟ್ಟು.”

“ಬೆನ್ನಿಗೆ ತರಬೇತುದಾರರು ಇರ್ತಾರಲ್ಲೋ!”

“ಹಂಗಾರ ಅವರ ಬೆನ್ನಿಗೆ ಕಟ್ಟಬೇಕು ನೋಡು,” ಎಂದ. ಭಾವನ ಮುಖ ನೋಡಿ ಈ ಸಲಹೆಯನ್ನು ನಾನು ಸಭೆಯ ಮುಂದೆ ಇಡಲಿಲ್ಲ. ತರಬೇತುದಾರರು ಗಂಡಸೋ ಹೆಂಗಸೋ ಎಂಬ ಪ್ರಶ್ನೆ ಅದಾಗಲೇ ಎರಡು ಸಲ ಅವರ ಬಾಯಿತನಕ ಬಂದು ಹೋಗಿತ್ತು.

ಹೀಗೆ ಎದೆ, ಬೆನ್ನು, ಸೊಂಟ, ಕಾಲು, ತಲೆ ಎಲ್ಲವೂ ಅನರ್ಹಗೊಂಡು ರಟ್ಟೆಯೊಂದೇ ಉಳಿಯಿತು. ರಟ್ಟೆಗೆ ಕಟ್ಟಿದ್ದನ್ನು ಯಾರೂ ಬಿಚ್ಚದಂತೆ ಏನು ಮಾಡಬೇಕು? ಆಗ ಅಕ್ಕ ನಾಗಮ್ಮ, ಶಾಲೆಯ ಮೆಟ್ಟಿಲು ಹತ್ತದ ನನ್ನ ಅಕ್ಕ, ನಮ್ಮಿಬ್ಬರ ಬುದ್ಧಿಗೂ ಹೊಳೆಯದ್ದನ್ನು ಹೇಳಿದಳು.

“ಕೆಂಪ ಅರಿವ್ಯಾಗ ಹೊಲದು ತಾಯತ ಮಾಡ್ತೀನಿ. ತಾಯತ ಅಂದ್ರ ಯಾರೂ ಮುಟ್ಟಂಗಿಲ್ಲ. ಬಿಚ್ಚಿ ನೋಡೋದಂತೂ ದೂರದ ಮಾತು.”

ತಾಯತಗಳ ವಿರುದ್ಧ ನಾನು ನಡೆಸಿದ ಜಾಗೃತಿ ಕಾರ್ಯಕ್ರಮಗಳ ಫೋಟೋಗಳು ನನ್ನ ಮನೆಯ ಗೋಡೆಯ ಮೇಲಿವೆ. ಒಂದರಲ್ಲಿ ಮಕ್ಕಳ ಮುಂದೆ ತಾಯತ ಕತ್ತರಿಸಿ, ಒಳಗೆ ಏನೂ ಇಲ್ಲವೆಂದು ತೋರಿಸುತ್ತಿದ್ದೇನೆ. “ಅಕ್ಕಾ, ಇದು ಮೂಢನಂಬಿಕೆ” ಎಂದೆ. “ಮೂಢನಂಬಿಕಿ ಹ್ಯಾಂಗಾಗ್ತದ ತಮ್ಮಾ? ಇದರೊಳಗ ಖರೇನ ಏನೋ ಅದ ನೋಡು!” ಎಂದಳು. ಮೂವತ್ತು ವರ್ಷಗಳ ವೈಚಾರಿಕತೆಯನ್ನು ಪಕ್ಕಕ್ಕಿಟ್ಟು, ಸೂಜಿಗೆ ದಾರ ಪೋಣಿಸಿ ಕೊಟ್ಟವನು ನಾನೇ.

ಯಾದಗಿರಿ ರೈಲು ನಿಲ್ದಾಣದಲ್ಲಿ ಅಕ್ಕ ಅದನ್ನು ಮಗಳ ಬಲರಟ್ಟೆಗೆ ಕಟ್ಟಿದಾಗ ಸುಜಾತಾ ನನ್ನ ಕಡೆ ತಿರುಗಿ ನಕ್ಕಳು.

“ಮಾಮಾ, ಏನಿದು? ನಿನ್ನ ಮುಂದ ತಾಯತ ಕಟ್ಲಿಕತ್ಯಾರ, ನೀ ಸುಮ್ನ ನಿಂತಿ? ಜ್ವರಾ ಬಂದಾವೇನು?”

“ತಾಯಿಯ ಭಾವನೆಗಳನ್ನು ಗೌರವಿಸಬೇಕಮ್ಮಾ,” ಎಂದೆ. ಪುಸ್ತಕದ ಕನ್ನಡದಲ್ಲಿ ಸುಳ್ಳು ಹೇಳಿದರೆ ಅದು ಅರ್ಧ ಸತ್ಯದಂತೆ ಕೇಳಿಸುತ್ತದೆ.

ಜಿಗಿಯುವ ದಿನ ಮುಂಜಾನೆಯೇ ಬಳಿಚಕ್ರಕ್ಕೆ ಹೋಗಿ ಕೂತೆ. ಫೋನಿನಲ್ಲಿ ಕೆಂಪು ಚುಕ್ಕೆ ಬಯಲಿನ ಅಂಚಿನಲ್ಲಿ ಸ್ಪಷ್ಟವಾಗಿತ್ತು. ಹತ್ತೂವರೆಗೆ ಅದು ಹೊರಟಿತು. “ವಿಮಾನ ಎದ್ದಿತು!” ಎಂದು ನಾನು ಘೋಷಿಸಿದೆ. ಅಕ್ಕ ಕೈಮುಗಿದಳು. ವಿಮಾನ ಒಂದು ಕಬ್ಬಿನ ಹೊಲ ಬಳಸಿ, ರಸ್ತೆಯ ತಿರುವಿನಲ್ಲಿ ತಿರುವಿನಂತೆಯೇ ತಿರುಗಿ, ಒಂದು ಚಹಾದಂಗಡಿಯ ಮುಂದೆ ನಿಂತಿತು. ನಿಂತೇ ಇತ್ತು. ಇಪ್ಪತ್ತು ನಿಮಿಷದ ಮೇಲೆ ಪಂಕ್ಚರ್ ಅಂಗಡಿಗೆ ಹೋಯಿತು. ಅಲ್ಲಿಂದ ಮತ್ತೆ ಚಹಾದಂಗಡಿಗೆ. ಭಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅದೇ ಹೊತ್ತಿಗೆ ಫೋನು ಬಂತು.

“ಮಾಮಾ! ಜಿಗದೆ! ಖರೇನ ಜಿಗದೆ! ಮ್ಯಾಲಿಂದ ಕೆರಿ ಒಂದು ತಾಟಿನಷ್ಟು ಕಾಣ್ತದ. ಅಪ್ಪಾಗ ಹೇಳು, ಬೇವಿನ ಗಿಡದ ಪ್ರ್ಯಾಕ್ಟೀಸ್ ಉಪಯೋಗಕ್ಕ ಬಂತು ಅಂತ!”

ನಾನು ಅಭಿನಂದಿಸಬೇಕಾಗಿತ್ತು. ನನ್ನ ಬಾಯಿಂದ ಬಂದ ಮಾತು ಇದು: “ಈಗ ಎಲ್ಲಿದ್ದೀಯಮ್ಮಾ?” “ಬಯಲಿನಾಗೇ ಇದ್ದೀನಿ ಮಾಮಾ” ಎಂದಳು. ಚುಕ್ಕೆ ಚಹಾದಂಗಡಿಯಲ್ಲಿತ್ತು. ಅವಳ ದನಿಯಲ್ಲಿದ್ದ ಸಂತೋಷವನ್ನು ನಂಬುವುದೋ, ಎರಡೂವರೆ ಇಂಚಿನ ಪೆಟ್ಟಿಗೆಯನ್ನು ನಂಬುವುದೋ ಎಂಬ ಪ್ರಶ್ನೆಯಲ್ಲಿ ನಾನು ಪೆಟ್ಟಿಗೆಯ ಪಕ್ಷ ವಹಿಸಿದೆ. ಈ ಅರ್ಜಿಯ ಅತ್ಯಂತ ಗಂಭೀರ ಆರೋಪ ಇದು, ಮತ್ತು ಇದು ನನ್ನ ಮೇಲಿನದು.

ಅವಳು ಎರಡನೆಯ ಶಿಬಿರಕ್ಕೆ ಆಯ್ಕೆಯಾಗಿ, ಒಪ್ಪಿಗೆ ಪತ್ರ ಹಿಡಿದುಕೊಂಡು ಊರಿಗೆ ಬಂದಳು. ಭಾವ ಪತ್ರವನ್ನು ಮುಟ್ಟಲಿಲ್ಲ.

“ಚಹಾ ಹ್ಯಾಂಗಿತ್ತು?” ಎಂದರು.

“ಯಾವ ಚಹಾ?”

“ಜಿಗಿಯೋ ಹೊತ್ತಿನ್ಯಾಗ ಕುಡದ ಚಹಾ. ಯಾರ ಜೋಡಿ ಕುಡದಿ?”

ಸುಜಾತಾ ತಂದೆಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಕೊನೆಗೆ, ಯಾವುದೋ ನೆಪದಲ್ಲಿ ಬೇವಿನ ಮರವನ್ನು ನೋಡುತ್ತಿದ್ದ ನನ್ನನ್ನು ನೋಡಿದಳು. “ಚಹಾದಂಗಡಿಗೆ ಹೋಗಿದ್ದು ಶಿಬಿರದ ಜೀಪು. ನಾ ಅಲ್ಲ. ಜೀಪು ಹೋಗಿದ್ದು ನಿಮಗ ಹ್ಯಾಂಗ ಗೊತ್ತು?” ಎಂದು ಕೇಳಿದಳು. ಅವಳು ರಟ್ಟೆಯ ತಾಯತ ಬಿಚ್ಚಿ, ಹಲ್ಲಿನಿಂದ ದಾರ ಕಡಿದಳು. ಕಪ್ಪು ಪೆಟ್ಟಿಗೆ ಚಾಪೆಯ ಮೇಲೆ ಬಿತ್ತು. ಅದರ ಹಸಿರು ದೀಪ ನಿಷ್ಠೆಯಿಂದ ಮಿನುಗುತ್ತಿತ್ತು.

ನಡೆದದ್ದು ಇಷ್ಟು. ವಿಮಾನ ಹತ್ತುವ ಮುಂಚೆ ತರಬೇತುದಾರರು, ಮೈಮೇಲೆ ಕಟ್ಟಿದ ಏನೊಂದೂ ಪ್ಯಾರಾಚೂಟಿನ ಹಗ್ಗಕ್ಕೆ ಸಿಕ್ಕಬಾರದೆಂದು, ಅದನ್ನು ಬಿಚ್ಚಿಸಿದರು. ಬೇರೆ ಯಾವ ವಸ್ತುವಾಗಿದ್ದರೂ ಅವಳ ಚೀಲದಲ್ಲಿ, ಬಯಲಿನಲ್ಲೇ ಇರುತ್ತಿತ್ತು. ಆದರೆ ಜೀಪಿನ ಡ್ರೈವರ್ ದೈವಭಕ್ತ. ತಾಯತ ನೆಲಕ್ಕೆ ತಾಗಬಾರದೆಂದು ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಜೀಪಿನ ಮುಂದಿನ ಕನ್ನಡಿಗೆ, ನಿಂಬೆಹಣ್ಣಿನ ಪಕ್ಕ, ತೂಗುಹಾಕಿದ. ಮುಂದೆ ದೊಡ್ಡ ಗಾಜು, ಗಾಜಿನಾಚೆ ಆಕಾಶ. ಮಲ್ಲಿಕಾರ್ಜುನ ಹೇಳಿದ ಗುಣಗಳೆಲ್ಲ ಇರುವ ಜಾಗವೊಂದು ಕೊನೆಗೂ ಸಿಕ್ಕಿತ್ತು, ಆದರೆ ಎಂದೂ ನೆಲಬಿಟ್ಟು ಏಳದ ವಾಹನದಲ್ಲಿ ಸಿಕ್ಕಿತ್ತು. ಸಂಜೆ ಡ್ರೈವರ್ ತಾಯತವನ್ನು ಅಷ್ಟೇ ಭಕ್ತಿಯಿಂದ ಅವಳಿಗೆ ಮರಳಿಸಿದ. ಇದನ್ನು ಕೇಳಿದ ಮಲ್ಲಿಕಾರ್ಜುನ ಫೋನಿನಲ್ಲಿ ಬಿದ್ದು ಬಿದ್ದು ನಕ್ಕು, “ಅಲ್ಲೋ, ಆಕಿ ಕಟ್ಕೊಂಡು ಜಿಗದಿದ್ರೂ ನಿನಗೇನು ಕಾಣ್ತಿತ್ತು? ಆ ನಕ್ಷಾದಾಗ ಎತ್ತರ ಎಲ್ಲದ? ಮ್ಯಾಲಿಂದ ನೆಟ್ಟಗ ಬೀಳೋರ ಚುಕ್ಕಿ ನಿಂತಲ್ಲೇ ನಿಂತಿರ್ತದ” ಎಂದ. ಎಲ್ಲಿ ಕಟ್ಟಬೇಕೆಂದು ನೂರು ಪ್ರಶ್ನೆ ಕೇಳಿದ್ದ ನಾನು, ಯಾಕೆ ಕಟ್ಟಬೇಕೆಂಬ ಒಂದನ್ನು ಕೇಳಿರಲಿಲ್ಲ.

ಭಾವ ಕ್ಷಮೆ ಕೇಳುವರೆಂದುಕೊಂಡಿದ್ದೆ. ಅವರು ಬಹಳ ಹೊತ್ತು ಯೋಚಿಸಿ, “ಮುಂದಿನ ಸಲ ಅವರನ್ನ ಕೇಳಿ ಹೆಲ್ಮೆಟ್ಟಿಗೇ ಕಟ್ಟಿಸೋಣು. ಎತ್ತರ ತೋರಿಸೋದು ಸಿಗ್ತದೇನು ನೋಡು ಮಾಸ್ತರ” ಎಂದರು. ಒಪ್ಪಿಗೆ ಪತ್ರ ಸಹಿಯಿಲ್ಲದೆ ಗೋಡೆಯ ಗೂಡಿನಲ್ಲಿ, ದೀಪದ ಎಣ್ಣೆ ಬಾಟಲಿಯ ಕೆಳಗೆ ಸೇರಿತು.

ಸುಜಾತಾ ಜಗಳವಾಡಲಿಲ್ಲ, ಅಳಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಕೆಂಪು ಬಟ್ಟೆಯಲ್ಲಿ ಸುತ್ತಿ, ನನ್ನ ಅಂಗಿಯ ತೋಳು ಮಡಚಿ, ರಟ್ಟೆಗೆ ಬಿಗಿಯಾಗಿ ಕಟ್ಟಿದಳು. “ಎಂಟು ದಿನ ಬಿಚ್ಚಂಗಿಲ್ಲ ಮಾಮಾ. ನಕ್ಷಾ ಈಗ ನನ್ನ ಫೋನಿನಾಗ,” ಎಂದಳು. ನ್ಯಾಯವಾದ ಶಿಕ್ಷೆಯೆಂದು ಒಪ್ಪಿದೆ. ಮೂರನೆಯ ದಿನ ಸಂಜೆ ಅವಳ ಫೋನು.

“ಮಾಮಾ, ಮಾಮಿಗೆ ಗ್ರಂಥಾಲಯ ಅಂತ ಹೇಳಿ ಹೊಂಟಿದ್ದಿಯಂತ?”

“ಹೌದಮ್ಮಾ.”

“ಗ್ರಂಥಾಲಯದಾಗ ಮಿರ್ಚಿ ಭಜಿ ಯಾವಾಗಿಂದ ಕರೀಲಿಕತ್ಯಾರ? ಮುಕ್ಕಾಲು ತಾಸು ಕೂತಿ. ಡಾಕ್ಟರ್ ಏನ್ ಹೇಳ್ಯಾರ ನಿನಗ?”

ಅಂಗಡಿ ಗ್ರಂಥಾಲಯದ ಎದುರಿಗೇ ಇದೆ, ಯಂತ್ರಕ್ಕೆ ಅಷ್ಟು ಸೂಕ್ಷ್ಮ ತಿಳಿಯದು ಎಂದು ವಾದಿಸಿದೆ. “ನನ್ನ ಮಾತು ನೀ ನಂಬಿದ್ದೇನು, ನಿನ್ನ ಮಾತು ನಾ ನಂಬಲಿಕ್ಕ?” ಎಂದಳು. ನಗುತ್ತಲೇ ಅಂದಳು. ಆದರೆ ಫೋನಿಟ್ಟ ಮೇಲೆ ಉಳಿದ ಒಂದು ಭಜಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಆದ್ದರಿಂದ, ಹೊಣೆಗಾರರಲ್ಲಿ ನನ್ನ ಬೇಡಿಕೆಗಳು. ಬಳಿಚಕ್ರದ ಶರಣಪ್ಪನವರು ಎಣ್ಣೆ ಬಾಟಲಿಯನ್ನು ಎತ್ತಿ, ಕೆಳಗಿರುವ ಒಪ್ಪಿಗೆ ಪತ್ರಕ್ಕೆ ಇದೇ ಶುಕ್ರವಾರ ಅಂಚೆ ಹೊರಡುವ ಮುಂಚೆ ಸಹಿ ಹಾಕಬೇಕು. ಹೆಲ್ಮೆಟ್ಟಿನ ವಿಚಾರವನ್ನು ಮತ್ತೆ ಎತ್ತಕೂಡದು. ನಾಗಮ್ಮನವರು ಉಳಿದ ಕೆಂಪು ಬಟ್ಟೆಯಿಂದ ಇನ್ನೊಂದು ತಾಯತ ಹೊಲಿಯಕೂಡದು. ಬೇಡಿಕೆ ತಲುಪಿಸಲು ಮೂರನೆಯ ಆರೋಪಿಯಾದ ನಾನೇ ಇಂದು ಶಹಾಪುರದಿಂದ ಯಾದಗಿರಿ ಮಾರ್ಗವಾಗಿ ಬಳಿಚಕ್ರಕ್ಕೆ ಹೊರಟಿದ್ದೇನೆ. ನಂಬದವರು ಸುಜಾತಾಳ ಫೋನಿನಲ್ಲಿ ನೋಡಿಕೊಳ್ಳಬಹುದು. ದಾರಿಯಲ್ಲಿ ಕೆಂಪು ಚುಕ್ಕೆ ಯಾದಗಿರಿ ಬಸ್ ನಿಲ್ದಾಣದ ಎದುರಿನ ಭಜಿ ಅಂಗಡಿಯ ಮುಂದೆ ಇಪ್ಪತ್ತು ನಿಮಿಷ ನಿಂತದ್ದು ಕಂಡುಬಂದರೆ, ಅದನ್ನು ಯಂತ್ರದ ದೋಷವೆಂದೇ ಪರಿಗಣಿಸಬೇಕೆಂದು ಈ ಮೂಲಕ ಒತ್ತಾಯಿಸುತ್ತೇನೆ.