ಕೆಂಚನ ಊಟ ಮತ್ತು ಬೇರೆ ಮಣೆ

ತಪ್ಪು ಕಂಡಲ್ಲಿ ತಪ್ಪಿತಸ್ಥರ ಹೆಸರು ಹಿಡಿದು ಹೇಳಬೇಕೆಂಬುದು ನನ್ನ ಬಾಳಿನ ನಿಯಮ. ಈ ನಿಯಮದಿಂದಾಗಿ ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ನನ್ನನ್ನು ಕಾಫಿಗೆ ಕರೆಯುವವರು ಕಡಿಮೆ. ಅದೂ ಒಂದು ಅನ್ಯಾಯವೇ. ನಮ್ಮ ನಾಯಿ ಕೆಂಚನಿಗೆ ಅಮ್ಮ ದಿನವೂ ಸಾರನ್ನ ಹಾಕುವುದನ್ನು ಬಹಳ ಕಾಲ ಸಹಿಸಿದೆ. ಕೊನೆಗೊಮ್ಮೆ, ಮಾಂಸ ತಿನ್ನುವ ಪ್ರಾಣಿಯ ಮೇಲೆ ನಮ್ಮ ಸಸ್ಯಾಹಾರವನ್ನು ಹೇರುವುದು ದಬ್ಬಾಳಿಕೆಯೆಂದು ಘೋಷಿಸಿ, ಹಸಿ ಕೋಳಿಮಾಂಸವನ್ನೇ ತಂದೆ.

ಅಮೃತೂರಿನಲ್ಲಿ ಹುಟ್ಟಿ ಬೆಳೆದ ಅಮ್ಮ ಬೇಡವೆನ್ನಲಿಲ್ಲ. “ತಂದ್ಯಲ್ಲ, ಹಾಕು. ಆದ್ರೆ ಹಿತ್ತಲಲ್ಲೇ ಹೆಚ್ಚು ಕಣೋ. ಮಣೆ, ಚಾಕು ಬೇರೆ ಇರ್ಲಿ. ಕೈ ಸೋಪ್ ಹಾಕಿ ತೊಳ್ಕೊಂಡು ಒಳಗ್ ಬಾ,” ಎಂದಳು. ಮೂವತ್ತು ವರ್ಷ ತರಗತಿಯಲ್ಲಿ ಮಡಿ-ಮೈಲಿಗೆಯ ವಿರುದ್ಧ ಮಾತನಾಡಿದ ಮೇಷ್ಟ್ರು ನಾನು. ಹಿತ್ತಲಿಗೆ ತಳ್ಳುವ ಪ್ರತಿಯೊಂದು ಪದ್ಧತಿಯ ಹಿಂದೆಯೂ ತಾರತಮ್ಯವಿದೆಯೆಂದು ವಿವರಿಸಿ, ಅಡುಗೆಮನೆಯಲ್ಲಿ, ಸೌತೆಕಾಯಿ ಹೆಚ್ಚುವ ಮಣೆಯ ಮೇಲೆಯೇ ಸಮಾನತೆಯನ್ನು ಸ್ಥಾಪಿಸಿದೆ. ಹೊಟ್ಟೆಹುಳಕ್ಕೆ ಒಳ್ಳೆಯದೆಂದು ಬೆಳ್ಳುಳ್ಳಿಯನ್ನೂ ಧಾರಾಳವಾಗಿ ಜಜ್ಜಿ ಬೆರೆಸಿದೆ.

ನಾಲ್ಕನೆಯ ದಿನ ಕೆಂಚ ವಾಂತಿ ಮಾಡಿಕೊಂಡು ಮೂಲೆ ಸೇರಿದ. ನೀರನ್ನೂ ಮುಟ್ಟಲಿಲ್ಲ. ನನ್ನ ಹೊಟ್ಟೆಯೂ ಕೆಟ್ಟಿತ್ತು; ಆದರೆ ಹೋರಾಟಗಾರನು ಸ್ವಂತ ಹೊಟ್ಟೆಯ ಮಾತೆತ್ತಬಾರದು. ಪಕ್ಕದ ಮನೆಯ ಫಾತಿಮಾಬಿ ಬಿರಿಯಾನಿಯ ಮೂಳೆ ಎಸೆದಿರಬೇಕೆಂದು ಕಾಂಪೌಂಡಿನಾಚೆಗೆ ಆರೋಪಪಟ್ಟಿ ಓದಿದೆ.

“ಅಯ್ಯೋ ಮೇಷ್ಟ್ರೇ, ಬೆಂದ ಮೂಳೆ ಸೀಳಿ ಗಂಟ್ಲಿಗೆ ಚುಚ್ತದೆ ಅಂತ ನಮ್ ಬೆಕ್ಕಿಗೇ ಹಾಕಲ್ಲ, ನಿಮ್ ನಾಯಿಗೆ ಹಾಕ್ತೀನಾ? ಪಾಪ, ಹೆಂಗ್ ಬಿದ್ದದೆ ನೋಡಿ! ಮೊದ್ಲು ಡಾಕ್ಟ್ರ ಹತ್ರ ನಡೀರಿ, ಭಾಷಣ ಆಮೇಲೆ,” ಎಂದು ಅವರೇ ಗಂಡನ ಆಟೋ ಹೊರಡಿಸಿದರು. ದಾರಿಯುದ್ದಕ್ಕೂ ಕೆಂಚ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದ.

“ಬೆಳ್ಳುಳ್ಳಿ, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷ ಸಾರ್. ಯಾರು ಹಾಕಿದ್ದು?” ಎಂದು ಡಾಕ್ಟರು ಕೇಳಿದರು. ತಪ್ಪಿತಸ್ಥರ ಹೆಸರು ನನ್ನ ನಾಲಿಗೆಗೆ ಬಾರದಿದ್ದುದು ಅದೇ ಮೊದಲು. ಅವರು ಮುಂದುವರಿಸಿದರು: “ಹಸಿ ಮಾಂಸದಲ್ಲಿ ಕ್ರಿಮಿ ಇರ್ತವೆ, ಫ್ರಿಜ್ಜಲ್ಲಿಟ್ರೂ ಸಾಯಲ್ಲ. ಮೂಳೆ ತೆಗ್ದು ಚೆನ್ನಾಗ್ ಬೇಯ್ಸಿ. ಉಪ್ಪು-ಖಾರದ ಸಾರೂ ಬೇಡ. ಮಣೆ, ಚಾಕು ಬೇರೆ ಇಡಿ. ಕೈ ಸೋಪ್ ಹಾಕಿ ತೊಳ್ಕೊಳಿ.”

ಅಮ್ಮ ಕೆಂಚನ ತಲೆ ಸವರುತ್ತ ನನ್ನತ್ತ ಒಮ್ಮೆ ನೋಡಿದಳು. ಅದಕ್ಕಿಂತ ದೀರ್ಘವಾದ ಭಾಷಣವನ್ನು ನಾನು ಕೇಳಿಲ್ಲ.

ಮೂರು ದಿನಗಳ ಔಷಧದ ಬಳಿಕ, ಹಿತ್ತಲಲ್ಲಿ ಬೆಂದ ಕೋಳಿ-ಅನ್ನವನ್ನು ಕೆಂಚ ತಟ್ಟೆ ಹೊಳೆಯುವಂತೆ ನೆಕ್ಕಿ, ಬಾಲವೆತ್ತಿ ಬೀದಿಯುದ್ದಕ್ಕೂ ಓಡಿದ. ಫಾತಿಮಾಬಿ ಚಪ್ಪಾಳೆ ತಟ್ಟಿ, ನನ್ನನ್ನೇ ಕಾಫಿಗೆ ಕರೆದರು! ಮಡಿಯ ವಿರುದ್ಧದ ನನ್ನ ಹೋರಾಟ ನಿಂತಿಲ್ಲ. ಮಣೆಯ ವಿರುದ್ಧದ್ದು ಮಾತ್ರ ನಿಂತಿದೆ. ವಿಜಯೋತ್ಸಾಹದಿಂದ ನಾಯಿಯ ಊಟದ ಸರಿ-ತಪ್ಪುಗಳನ್ನು ಎರಡು ಸಾಲಾಗಿ ಬರೆದು ಗೇಟಿಗೆ ಬೋರ್ಡು ತೂಗುಹಾಕಿದೆ. ಅಮ್ಮ ಕನ್ನಡಕ ಸರಿಪಡಿಸಿಕೊಂಡು ಪೂರ್ತಿ ಓದಿದಳು.

“ತಪ್ಪಿಗೆಲ್ಲ ಹೆಸ್ರು ಹಿಡ್ದು ಹೇಳ್ತಿದ್ಯಲ್ಲೋ, ಸರಿಗೂ ಒಂದ್ ಹೆಸ್ರು ಹಾಕು.”

‘ಬೇರೆ ಮಣೆ’ಯ ಮುಂದೆ ಅಮ್ಮನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ‘ಬೆಳ್ಳುಳ್ಳಿ’ಯ ಮುಂದೆಯೂ ಒಂದು ಹೆಸರಿಗೆ ಜಾಗವಿತ್ತು. ನಿಯಮ ನಿಯಮವೇ, ಬರೆದೆ. ಅಕ್ಷರ ಮಾತ್ರ ತುಸು ಸಣ್ಣದಾಗಿದೆ.