ತೋಳದ ಪಾಠ

ಐವತ್ತೈದು ಕಿಲೋ ತೂಗುವ ನಾಯಿಗೆ ಕೋಲು ತೋರಿಸಿ ಏನನ್ನೂ ಕಲಿಸಲಾಗದು. ಅದು ಸುಮ್ಮನೆ ಸಹಿಸಿಕೊಂಡಿದ್ದರೆ ಕಾರಣ ನಮ್ಮ ಪೌರುಷವಲ್ಲ, ಅದರ ದೊಡ್ಡತನ. ಇಷ್ಟೂ ತಿಳಿಯದ ಮಹಾಶಯರು ಎಲ್ಲ ಊರಲ್ಲೂ ಇದ್ದಾರೆ. ಪೋರ್ಚುಗಲ್ಲಿನ ಎಸ್ತ್ರೆಲ ಬೆಟ್ಟದ ಕುರಿಗಾಹಿ ಝೆಫೆರೀನು ಅವರಲ್ಲಿ ಅಗ್ರಗಣ್ಯ.

ಅವನ ನಾಯಿ ಬೊಲೋಟ ಆ ಬೆಟ್ಟದ್ದೇ ತಳಿ. ತಲೆ ಹಂಡೆಯಷ್ಟು, ಪಂಜ ರೊಟ್ಟಿಯಷ್ಟು, ಸ್ವಭಾವ ಮಾತ್ರ ಬೆಣ್ಣೆ. ಕುರಿಮರಿಗಳು ಅದರ ಬೆನ್ನೇರಿ ಕುಣಿಯುತ್ತಿದ್ದವು. ಕೋಳಿಯೊಂದು ಅದರ ಹೊಟ್ಟೆಗೊರಗಿ ಮೊಟ್ಟೆ ಇಡುತ್ತಿತ್ತು!

ಜೂನ್ ಬಂದರೆ ಮಂದೆ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊರಡಬೇಕು. ಅಲ್ಲಿ ತೋಳಗಳಿವೆ.

"ಮೂರೇ ವಾರ ಕೊಡು!" ಎಂದು ಝೆಫೆರೀನು ಹೆಂಡತಿ ದಿಯೊಲಿಂಡಳ ಮುಂದೆ ಎದೆ ತಟ್ಟಿಕೊಂಡ. "ಇದರ ಹೆಸರು ಕೇಳಿದ್ರೆ ತೋಳಗಳು ಸ್ಪೇನಿಗೆ ಓಡಿಹೋಗ್ಬೇಕು, ಹಂಗ್ ಮಾಡ್ತೀನಿ!"

"ಆಗದಿದ್ರೆ?"

"ನಿನ್ನ ತಮ್ಮ ಅಮಾಂದಿಯು ಕೇಳ್ತಾನೇ ಇದಾನಲ್ಲ. ತಗೊಂಡೋಗಿ ಅವನ ಕಲ್ಲುಗಣಿ ಬಾಗಿಲಲ್ಲಿ ಕಟ್ಟಿಹಾಕ್ಕೊಳ್ಲಿ, ಸಾಯೋತನಕ."

ಚೀಸ್ ಒತ್ತುತ್ತಿದ್ದ ದಿಯೊಲಿಂಡಳ ಕೈ ನಿಂತಿತು. "ನಿಮ್ಮಪ್ಪ ಏನ್ ಮಾಡ್ತಿದ್ರು? ಮರಿ ಇದ್ದಾಗ್ಲೇ ಕುರಿಗಳ ಜೊತೆ ದೊಡ್ಡಿಗೆ ಬಿಡ್ತಿದ್ರು, ಅಷ್ಟೇ. ಇದೂ ಹಂಗೇ ಬೆಳ್ದಿದೆ. ಅದರ ಪಾಡಿಗೆ ಬಿಟ್ಬಿಡ್ರಿ."

"ಅಪ್ಪಂದು ಹಳೇ ಕಾಲ ಕಣೇ! ನಂದು ವಿಜ್ಞಾನ!"

ವಿಜ್ಞಾನ ಹೀಗಿತ್ತು: ಬೊಲೋಟನನ್ನು ದೊಡ್ಡಿಯ ಮರದ ಗೇಟಿಗೆ ಸರಪಳಿಯಲ್ಲಿ ಬಿಗಿಯುವುದು. ತಾನು ಸತ್ತ ಕರಿ ಟಗರಿನ ಚರ್ಮ ಹೊದ್ದು, ನಾಲ್ಕು ಕಾಲಲ್ಲಿ ತೆವಳಿ, ತೋಳದಂತೆ ಊಳಿಟ್ಟು, ನಾಯಿಯನ್ನು ಕೋಲಿನಿಂದ ತಿವಿಯುವುದು. ದಿನಾ ಸಂಜೆ, ಹಾಲು ಕರೆದಾದ ಮೇಲೆ. ಸುದ್ದಿ ಹಬ್ಬಿದ್ದೇ ತಡ, ಊರವರು ವೈನ್ ಲೋಟ ಹಿಡಿದು ಕಲ್ಲುಗೋಡೆಯ ಮೇಲೆ ಸಾಲಾಗಿ ಕೂತರು.

"ಝೆಫೆರೀನಣ್ಣಾ, ಸ್ವಲ್ಪ ಜೋರಾಗಿ ಊಳಿಡು! ಹಿಂದಿನವ್ರಿಗೆ ಕೇಳ್ತಿಲ್ಲ!"

ಬೊಲೋಟ ಯಜಮಾನನ ಮಾನ ಉಳಿಸಲೆಂಬಂತೆ ಮುಖ ಆಚೆ ತಿರುಗಿಸಿ ಕೂತಿತು. ವಾರ ಕಳೆಯಿತು, ಎರಡು ವಾರ ಕಳೆಯಿತು. ಸರಪಳಿ ಉಜ್ಜಿ ಉಜ್ಜಿ ಅದರ ಕೊರಳಿನ ಕೂದಲುದುರಿ ಚರ್ಮ ಹುಣ್ಣಾಯಿತು. ನಗುತ್ತಿದ್ದವರಿಗೆ ಅದು ಕಾಣಲಿಲ್ಲ. ದಿಯೊಲಿಂಡಳಿಗೆ ಕಂಡಿತು. ದಿನವೂ ಗಂಡ ಊಟಕ್ಕೆ ಕೂತಾಗ ಅವಳು ಹೋಗಿ ಆ ಗಾಯಕ್ಕೆ ಎಣ್ಣೆ ಸವರಿ ಬರುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಅಂತಿಮ ಪರೀಕ್ಷೆ! ಅಮಾಂದಿಯು ನಾಯಿ ಒಯ್ಯಲು ವ್ಯಾನ್ ತಂದು ನಿಲ್ಲಿಸಿಯೇ ಬಿಟ್ಟಿದ್ದ. ಝೆಫೆರೀನು ಚರ್ಮ ಹೊದ್ದ, ಊಳಿಟ್ಟ, ತಿವಿದ. ನಾಯಿ ಆಕಳಿಸಿತು. ಗೋಡೆಯ ಮೇಲೆ ನಗೆಯೋ ನಗೆ. ಅವಮಾನದಿಂದ ಕೆಂಡವಾದ ಝೆಫೆರೀನು ಪಕ್ಕದಲ್ಲಿದ್ದ ಕುರಿಮರಿಯ ಕಾಲು ಹಿಡಿದು ದರದರನೆ ಎಳೆದ.

ಮರಿ ಅರಚಿತು.

ಬೊಲೋಟ ಎದ್ದಿತು. ಸರಪಳಿ ಗಟ್ಟಿಯಾಗಿತ್ತು, ಕಿತ್ತುಬಂದದ್ದು ಗೇಟು! ಕೀಲು, ಮೊಳೆ, ಹಲಗೆ ಸಮೇತ ಗೇಟನ್ನೇ ಎಳೆದುಕೊಂಡು ಬಂದು, ಯಜಮಾನನನ್ನು ಅಂಗಾತ ಕೆಡವಿ, ಅವನೆದೆಯ ಮೇಲೆ ಸಾವಕಾಶವಾಗಿ ಕುಳಿತುಕೊಂಡಿತು. ಬಾಗಿಲಿಲ್ಲದ ದೊಡ್ಡಿಯಿಂದ ಅರವತ್ತು ಕುರಿಗಳು ಹೊರನುಗ್ಗಿ ಪಕ್ಕದವರ ಕೋಸಿನ ತೋಟ ಹೊಕ್ಕವು.

"ದಿಯೊಲಿಂಡಾ! ಕರಿಯೇ ಇದನ್ನ! ಉಸಿರು ಹೋಗ್ತಿದೆ!"

ಅವಳು ಏಪ್ರನ್ನಿಗೆ ಕೈ ಒರೆಸುತ್ತ ನಿಧಾನವಾಗಿ ಬಂದಳು. "ಕರೀತೀನಿ. ಸರಪಳಿ?"

"ಬಿಚ್ಚು, ಬಿಸಾಕು!"

"ನನ್ನ ತಮ್ಮ?"

"ಅವನ ಗಣಿ ಬಾಗಿಲಲ್ಲಿ ಅವನೇ ಬೊಗಳ್ಕೊಳ್ಲಿ!"

ಅವಳು ಸರಪಳಿ ಬಿಚ್ಚಿ ಕಿವಿ ಸವರಿದೊಡನೆ ಬೊಲೋಟ ಕೆಳಗಿಳಿದು ಮರಿಯನ್ನು ನೆಕ್ಕತೊಡಗಿತು. ಝೆಫೆರೀನು ಮೈ ಕೊಡವಿಕೊಂಡು ಉಳಿದ ಮಾನ ಬಾಚಿಕೊಳ್ಳಲು ನೋಡಿದ. "ಕಂಡ್ಯೇನೇ ವಿಜ್ಞಾನ? ನನ್ನನ್ನ ತೋಳ ಅಂತ್ಲೇ ತಿಳ್ಕೊಂಡ್ಬಿಡ್ತು!"

"ಇಲ್ಲ ರೀ. ತೋಳ ಆಗಿದ್ರೆ ಕಚ್ತಿತ್ತು. ನೀವು ಅಂತ ಗೊತ್ತಿತ್ತು, ಅದಕ್ಕೇ ಬರೀ ಕೂತ್ಕೊಳ್ತು."

ಗೋಡೆಯ ಮೇಲಿದ್ದವರು ಮೊದಲ ಬಾರಿಗೆ ನಗಲಿಲ್ಲ. ಅಮಾಂದಿಯುವಿನ ವ್ಯಾನ್ ಖಾಲಿಯೇ ಹೋಯಿತು.

ನೀವು ನಕ್ಕಿರಲ್ಲ, ಸಂತೋಷ. ಈಗ ಎದ್ದೇಳಿ. ಮನೆಯ ಅಂತಸ್ತು ತೋರಿಸಲೆಂದು ನಾಯಿ ತಂದು, ಕಾರು ನಿಲ್ಲಿಸುವ ಜಾಗದಲ್ಲಿ ಕಟ್ಟಿಹಾಕಿದ್ದೀರಲ್ಲ, ಅದರ ಹತ್ತಿರ ಹೋಗಿ. ಕೊರಳಿನ ಕೂದಲು ಸರಿಸಿ, ಅಲ್ಲಿ ಏನಿದೆಯೆಂದು ಸ್ವಂತ ಕಣ್ಣಿಂದ ನೋಡಿ. ನೋಡಿದ ಮೇಲೆ ನೆಪ ಹೇಳಬೇಡಿ. ಬಿಚ್ಚಿ.