ಒಂದು ಗೇಣು ಆಕಾಶ

ನಮ್ಮ ಕಾಕಾನ ಪ್ರಕಾರ ಜಗತ್ತಿನಲ್ಲಿ ಕೆಟ್ಟುಹೋದ ಕಾರು ಎಂಬುದೇ ಇಲ್ಲ. ಇನ್ನೂ ಹಾರದ ಕಾರುಗಳಿವೆ, ಅಷ್ಟೇ! ಎಪ್ಪತ್ತರ ದಶಕದ ಕೊನೆಗೆ ಬೆಳಗಾವಿಯ ಜನ ಒಂದು ಸ್ಕೂಟರಿಗಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರೆ, ಈ ಮಹಾಶಯ ವಡಗಾವಿಯ ತನ್ನ ಹಿತ್ತಲಲ್ಲಿ ಗುಜರಿ ಸಾಮಾನು ಜೋಡಿಸಿ ವಿಮಾನ ಕಟ್ಟುತ್ತಿದ್ದ. ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಇದಕ್ಕಿಂತ ಹೆಚ್ಚಿನ ಅರ್ಹತೆ ಬೇಕೇ?

ಎಂಜಿನ್ ಒಂದು ಮುದಿ ಟ್ಯಾಕ್ಸಿಯದು. ಸೀಟು, ಗಾಲಿ, ಸ್ಪೀಡೋಮೀಟರ್, ಕೊನೆಗೆ ಹಾರ್ನ್ ಕೂಡ ಅದರದೇ.

“ಮ್ಯಾಲ ಹೋಗಿ ಹಾರ್ನ್ ಯಾರಿಗೆ ಹೊಡೀತಿ ಕಾಕಾ?” ಎಂದು ಕೇಳಿದೆ. ನಾನಾಗ ಕಾಲೇಜಿನಲ್ಲಿದ್ದೆ, ಬುದ್ಧಿವಂತನೆಂಬ ಭ್ರಮೆಯಿತ್ತು.

“ಯಾಕ, ಹದ್ದಿಗೆ ಕಿವಿ ಇರೂದಿಲ್ಲೇನು?”

ರೆಕ್ಕೆಗೆ ಹೊದಿಸಲು ಓಣಿಯ ನೇಕಾರನಿಗೆ ಬಟ್ಟೆ ಹೇಳಿದ. ಆತ ಗಂಭೀರವಾಗಿ ಅಳತೆ ಬರೆದುಕೊಂಡು, “ಸೆರಗ ಯಾವ ಬಾಜೂ ಬರ್ಲಿರಿ?” ಎಂದ!

ನಗದಿದ್ದವಳು ಚಿಗವ್ವ ಒಬ್ಬಳೇ, ಅಂದರೆ ಕಾಕಾನ ಹೆಂಡತಿ. ನಾಲ್ಕು ವರ್ಷದಿಂದ ಆಕೆ ಬಟ್ಟೆ ಒಣಹಾಕುವ ಜಾಗವೆಲ್ಲ ರೆಕ್ಕೆಯ ಪಾಲಾಗಿತ್ತು. ಖಂಡೇನವಮಿಗೆ ಓಣಿಯವರೆಲ್ಲ ಮಗ್ಗ, ಸೈಕಲ್ಲು ಪೂಜಿಸುವಾಗ ಕಾಕಾ ವಿಮಾನದ ಗಾಲಿಗೆ ನಿಂಬೆಹಣ್ಣು ಇಟ್ಟ. ಚಿಗವ್ವ ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದಳು: “ಇದು ಏಳಲಿಲ್ಲಂದ್ರ ಏನ್ ಮಾಡ್ತೀರಿ? ದೇವರ ಮುಂದ ಹೇಳ್ರಿ.”

“ನೆಲ ಬಿಟ್ಟು ಏಳಲಿಲ್ಲಂದ್ರ ಗುಜರಿಗೆ ಹಾಕ್ತೀನಿ. ಬಸವಣ್ಣನ ಆಣಿ!”

ಮಳೆ ಹೋಗಿ ನೆಲ ಒಣಗಿದ ಮೇಲೆ ವಿಮಾನ ಬಿಚ್ಚಿ, ಲಾರಿಗೆ ಹೇರಿ, ಖಾನಾಪುರದ ಹತ್ತಿರ ಚಿಗವ್ವನ ತವರಿನವರ ಮಾಳದ ಬಯಲಿಗೆ ಒಯ್ದೆವು. ಅಲ್ಲಿ ಮತ್ತೆ ಜೋಡಿಸಿದ ಮೇಲೆ ಕಾಕಾ ಅದರಲ್ಲಿ ಕೂತು ಹಾರ್ನ್ ಹೊಡೆದು ಹೊರಟ. ಚಿಗವ್ವ ಉಗುರು ಊರುವಂತೆ ನನ್ನ ರಟ್ಟೆ ಹಿಡಿದಿದ್ದಳು. ಕೆಂಪು ಧೂಳೆದ್ದು ವಿಮಾನ ನನಗೆ ಕಾಣದಾಯಿತು. ಧೂಳು ಇಳಿದಾಗ ವಿಮಾನ ಮಾಳದ ಕೊನೆಯ ಪೊದೆಯಲ್ಲಿ ಮೂತಿ ತೂರಿಸಿ ನಿಂತಿತ್ತು.

ಕಾಕಾ ಕುಂಟುತ್ತ ಓಡಿಬಂದ. “ಎದ್ದಿತ್ತು! ಸ್ಪೀಡೋಮೀಟರಿನ ಮುಳ್ಳು ಒಮ್ಮೆಲೇ ಇಳೀತು!”

ಟ್ಯಾಕ್ಸಿಯ ಮೀಟರಿಗೆ ಗಾಲಿ ನೆಲದ ಮೇಲೆ ಉರುಳುವುದಷ್ಟೇ ಗೊತ್ತು. ಗಾಲಿ ನೆಲ ಬಿಟ್ಟರೆ ಮುಳ್ಳು ಇಳಿಯುತ್ತದಂತೆ. ಎಂಥ ಸಾಕ್ಷಿ! ವೇಗ ಸೊನ್ನೆಗೆ ಬಂದದ್ದೇ ಹಾರಿದ್ದಕ್ಕೆ ಪುರಾವೆ! ನೋಡಲು ಬಂದಿದ್ದ ಅಜ್ಜನೊಬ್ಬ “ಉಡಲಂಚ ನಾಹಿ,” ಹಾರಲೇ ಇಲ್ಲ, ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟ. ನಾನು ಬಗ್ಗಿ ನೋಡಿದೆ. ಮೀಟರಿನ ಕೇಬಲ್ ತುಂಡಾಗಿತ್ತು. ಪೊದೆಗೆ ಬಡಿದು ತುಂಡಾಯಿತೋ, ಅದಕ್ಕೂ ಮೊದಲೋ, ಯಾರು ಹೇಳಬೇಕು?

ಕಾಕಾನ ಮುಖ ಸಣ್ಣದಾಯಿತು. ಆಣೆ ನೆನಪಾಗಿರಬೇಕು. “ಗುಜರಿಯವಗ ಹೇಳಿ ಕಳಸ್ಲೇನು?” ಎಂದು ಹೆಂಡತಿಯನ್ನು ಕೇಳಿದ. ಅಷ್ಟು ಮೆತ್ತಗೆ ಆತ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಚಿಗವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. “ಯಾಕ? ಒಂದ್ ಗೇಣು ಎದ್ದಿತ್ತಲ್ರಿ! ನಾ ಕಣ್ಣಾರೆ ನೋಡೇನಿ. ಗಾಲಿ ಬುಡಕ ಆ ಬಾಜೂದ ಹುಲ್ಲು ಕಾಣಿಸ್ತು.”

ನಾಲ್ಕು ವರ್ಷ ಆ ವಿಮಾನಕ್ಕೆ ಶಾಪ ಹಾಕಿದವಳೇ ಹೇಳಿದ ಮೇಲೆ ಯಾರು ಅನುಮಾನಪಟ್ಟಾರು? ಅಜ್ಜ ಕೂಡ ತಲೆಯಾಡಿಸಿದ. ಕಾಕಾ ಎಲ್ಲರ ಮುಂದೆ ಅತ್ತುಬಿಟ್ಟ.

ವಿಮಾನ ಮತ್ತೆಂದೂ ಓಡಲಿಲ್ಲ. ಹಿತ್ತಲಿಗೆ ಮರಳಿ ಮುದಿಯಾಯಿತು. ಅದರ ರೆಕ್ಕೆಯ ಮೇಲೆ ಚಿಗವ್ವ ಸಂಡಿಗೆ ಒಣಗಿಸಿದಳು. ಕಾಕಾ ಸಾಯುವವರೆಗೂ ಬಂದವರಿಗೆಲ್ಲ ಆ ಒಂದು ಗೇಣಿನ ಕಥೆ ಹೇಳಿದ. ಎಲ್ಲದಕ್ಕೂ ಕೊಂಕು ತೆಗೆಯುವ ನಾನು ಅದೊಂದಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಅಂದು ನನ್ನ ರಟ್ಟೆ ಹಿಡಿದು ನಿಂತಿದ್ದ ಚಿಗವ್ವ, ಎಂಜಿನ್ ಶುರುವಾದಾಗಿನಿಂದ ನಿಲ್ಲುವವರೆಗೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.